ಆಗಸ್ಟ್ ಹದಿನೈದು: ಬೆಂಗಳೂರಿನಲ್ಲಿ ಒಂದು ರಜೆಯ ದಿನ



ನಮ್ಮೂರಿನ ಹುಡುಗನೊಬ್ಬ ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾನೆ. ನಮ್ಮೂರು ಎಂದರೆ ಅಮಾಸೆಬೈಲು, ಕುಂದಾಪುರದಿಂದ ಪೂರ್ವಕ್ಕೆ, ಪಶ್ಚಿಮ ಘಟ್ಟದ ಬುಡದಲ್ಲಿರುವ ಊರು. ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಆತ ನನಗೆ ಫೋನ್ ಮಾಡಿದ. "ಹ್ವಾಯ್, ಹದಿನೈದಕ್ಕೆ ರಜೆ. ಊರಿಗ್ ಹೋಯಿ ಬಪ್ಪುಕೆ ಒಂದ್ ದಿನ ಸಾಕಾತಿಲ್ಲ. ಇಲ್ಲ್ ಎಂತ ಮಾಡೂದ್?" ಎಂದು ಕೇಳಿದ.

ಪ್ರಶ್ನೆ ಚಿಕ್ಕದು. ಆದರೆ ಬೆಂಗಳೂರಿನ ಹಾಸ್ಟೆಲುಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಇರುವ ಸಾವಿರಾರು ವಿದ್ಯಾರ್ಥಿಗಳ ಪ್ರಶ್ನೆಯೂ ಇದೇ ಅಲ್ಲವೇ? ನಾನೂ ಒಂದು ಕಾಲದಲ್ಲಿ ಇದೇ ಪ್ರಶ್ನೆ ಕೇಳಿಕೊಂಡವನು. ಉತ್ತರ ಸಿಗದೆ, 1998ರ ಆಗಸ್ಟ್ 15ರಂದು ಹಾಸ್ಟೆಲಿನಲ್ಲಿ ಮಧ್ಯಾಹ್ನದವರೆಗೆ ನಿದ್ದೆ ಮಾಡಿ, ಎದ್ದು, ತಣ್ಣಗಾದ ಚಿತ್ರಾನ್ನ ತಿಂದು, ಮತ್ತೆ ಮಲಗಿದವನು.

ಆ ದಿನ ಸಂಜೆ ಎಚ್ಚರವಾದಾಗ ಆದ ಬೇಸರ ಈಗಲೂ ನೆನಪಿದೆ. ಅದಕ್ಕೆ ಕಾರಣವಿತ್ತು. ಅಮಾಸೆಬೈಲಿನಲ್ಲಿ ಆಗಸ್ಟ್ ಹದಿನೈದು ಎಂದರೆ ಯಾರೂ ಮಲಗಿರುವ ದಿನವಲ್ಲ. ಘಟ್ಟದ ಬುಡದ ಮಳೆ ನಿಮಗೆ ಗೊತ್ತಿರಬಹುದು. ಆಗಸ್ಟ್ ಮಧ್ಯಭಾಗಕ್ಕೆ ಅದು ಸ್ವಲ್ಪ ಸಡಿಲವಾದರೂ ನಿಲ್ಲುವುದಿಲ್ಲ. ಬಿಳಿ ಅಂಗಿ ತೊಟ್ಟು, ಕೊಡೆ ಹಿಡಿದು, ಕಾಲುಸಂಕ ದಾಟಿ ಶಾಲೆಗೆ ಹೋಗುವಷ್ಟರಲ್ಲಿ ಅಂಗಿಯ ಬೆನ್ನಿಗೆ ಕೆಂಪು ಕೆಸರಿನ ಚುಕ್ಕೆಗಳು. ಧ್ವಜ ಏರಿಸಿದರೆ ಅದು ಹಾರುತ್ತಿರಲಿಲ್ಲ. ನೀರು ಕುಡಿದ ಖಾದಿ ಬಟ್ಟೆ ಭಾರವಾಗಿ ಕಂಬಕ್ಕೆ ಅಂಟಿಕೊಂಡು ನಿಲ್ಲುತ್ತಿತ್ತು. "ಹಾರಾಡುವ ಧ್ವಜ" ಎಂದು ಭಾಷಣದಲ್ಲಿ ಹೇಳುತ್ತಿದ್ದಾಗ ನಾವು ಮೇಲೆ ನೋಡಿ ನಗುತ್ತಿದ್ದೆವು. ನಂತರ ಸಿಹಿ. ನಂತರ 1934ರ ಫೆಬ್ರವರಿಯಲ್ಲಿ ಗಾಂಧೀಜಿ ಕುಂದಾಪುರಕ್ಕೆ ಬಂದಿದ್ದ ಕಥೆ. ಅದನ್ನು ಪ್ರತಿವರ್ಷವೂ ಹೇಳುತ್ತಿದ್ದರು, ಪ್ರತಿವರ್ಷವೂ ನಾವು ಕೇಳುತ್ತಿದ್ದೆವು.

ಇದೆಲ್ಲ ಬಿಟ್ಟು ನಗರಕ್ಕೆ ಬಂದವನಿಗೆ ಅಲ್ಲಿನ ಆಗಸ್ಟ್ ಹದಿನೈದು ಯಾರದೋ ಹಬ್ಬದಂತೆ ಕಂಡಿತು. ಆ ಅನಿಸಿಕೆ ಅರ್ಧ ನಿಜ, ಅರ್ಧ ನನ್ನ ಅಜ್ಞಾನ ಎಂದು ತಿಳಿಯಲು ಒಂಬತ್ತು ವರ್ಷ ಬೇಕಾಯಿತು.

2007ರಲ್ಲಿ ಸ್ವಾತಂತ್ರ್ಯಕ್ಕೆ ಅರವತ್ತು ತುಂಬಿತು. ಆಗ ನಾನು ಈ ಕೆಲಸಕ್ಕೆ ಹೊಸಬ. ಒಂದು ಕಾರ್ಯಕ್ರಮಕ್ಕೆ ನಿರೂಪಣೆ ಬರೆಯುವ ಅವಕಾಶ ಸಿಕ್ಕಿತು. 1947ರ ಆಗಸ್ಟ್ 15ರಂದು ಇಡೀ ಕರ್ನಾಟಕದ ಜನರ ಕೈಗೆ ಅಧಿಕಾರ ಬಂತು ಎಂಬ ಅರ್ಥದ ಒಂದು ವಾಕ್ಯವನ್ನು ಅದರಲ್ಲಿ ಸೇರಿಸಿದ್ದೆ. ಕೇಳಲು ಚೆನ್ನಾಗಿತ್ತು. ಪ್ರಸಾರವಾದ ಹತ್ತು ದಿನಕ್ಕೆ ಬೆಂಗಳೂರಿನ ಹಿರಿಯ ವೀಕ್ಷಕರೊಬ್ಬರಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ನಡುಗುವ ಅಕ್ಷರ. ತಾವು 1947ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬೆಂಗಳೂರಿನಲ್ಲಿ ಜೈಲಿಗೆ ಹೋಗಿದ್ದಾಗಿಯೂ, ಆಗಸ್ಟಿನಲ್ಲೇ ಅಧಿಕಾರ ಜನರಿಗೆ ಬಂದಿದ್ದರೆ ಸೆಪ್ಟೆಂಬರಿನಲ್ಲಿ ತಮ್ಮನ್ನು ಜೈಲಿಗೆ ಹಾಕಿದವರು ಯಾರೆಂದು ದಯವಿಟ್ಟು ತಿಳಿಸಬೇಕಾಗಿಯೂ ಬರೆದಿದ್ದರು.

ನನಗೆ ಉತ್ತರ ಗೊತ್ತಿರಲಿಲ್ಲ. ವಿಜ್ಞಾನ ಓದಿದವನು, ಇತಿಹಾಸವನ್ನು ಹತ್ತನೇ ತರಗತಿಗೇ ಬಿಟ್ಟವನು. ಕೈಯಲ್ಲಿ ಪತ್ರ ಹಿಡಿದು ಗ್ರಂಥಾಲಯಕ್ಕೆ ಹೋದೆ. ಅಲ್ಲಿ ತಿಳಿದದ್ದನ್ನು ನಿಮಗೂ ಹೇಳಬೇಕು. ಏಕೆಂದರೆ ಇದು ತಿಳಿಯದೆ ಬೆಂಗಳೂರಿನಲ್ಲಿ ಆ ದಿನ ಸುತ್ತಾಡಿದರೆ ಕಾಣುವುದು ಕಲ್ಲು, ಹೂವು, ಜನಜಂಗುಳಿ ಅಷ್ಟೆ.

ನಕ್ಷೆಯಲ್ಲಿ ನಮ್ಮ ಅಮಾಸೆಬೈಲನ್ನು ನೋಡಿ. ಪಕ್ಕದ ಹೊಸಂಗಡಿಯಿಂದ ಬಾಳೆಬರೆ ಘಾಟಿ ಹತ್ತಿದರೆ ಶಿವಮೊಗ್ಗ ಜಿಲ್ಲೆ. ಇಂದು ಅದು ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಹೋಗುವ ದಾರಿ. 1947ರಲ್ಲಿ ಅದು ಒಂದು ಆಡಳಿತದಿಂದ ಇನ್ನೊಂದು ಆಡಳಿತಕ್ಕೆ ಹೋಗುವ ದಾರಿ. ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ನೇರವಾಗಿ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಘಟ್ಟದ ಮೇಲಿನದು ಮೈಸೂರು ಸಂಸ್ಥಾನ, ಮಹಾರಾಜರದು. ಬ್ರಿಟಿಷರು ಹೊರಟಾಗ ನಮ್ಮ ಕಡೆ ಚುನಾಯಿತ ಮಂತ್ರಿಮಂಡಲವೊಂದು ಆಗಲೇ ಕೆಲಸ ಮಾಡುತ್ತಿತ್ತು. ಓಮಂದೂರು ರಾಮಸ್ವಾಮಿ ರೆಡ್ಡಿಯಾರ್ 1947ರ ಮಾರ್ಚಿನಿಂದ ಅದರ ಮುಖ್ಯಸ್ಥರು. ಆಗ ಮತದ ಹಕ್ಕು ಎಲ್ಲರಿಗೂ ಇರಲಿಲ್ಲ ಎಂಬುದು ನಿಜ. ಆದರೂ ಆಗಸ್ಟ್ 15ರಂದು ಧ್ವಜ ಏರಿದಾಗ ಅದರ ಹಿಂದೆ ಜನರ ಪ್ರತಿನಿಧಿಗಳ ಸರ್ಕಾರವಿತ್ತು.

ಮೈಸೂರಿನ ಸ್ಥಿತಿ ಬೇರೆ. ಮಹಾರಾಜ ಜಯಚಾಮರಾಜ ಒಡೆಯರ್ ಆ ತಿಂಗಳೇ ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ಬೆಂಗಳೂರಿನಲ್ಲೂ ತ್ರಿವರ್ಣ ಧ್ವಜ ಹಾರಿತು. ಆದರೆ ಸಂಸ್ಥಾನದ ಒಳಗೆ ಆಡಳಿತ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲೇ ಇತ್ತು. ಮೈಸೂರಿನಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು, 1907ರಿಂದ ವಿಧಾನ ಪರಿಷತ್ತೂ ಇತ್ತು. ಈ ಸಂಸ್ಥಾನ ಅನೇಕ ವಿಷಯಗಳಲ್ಲಿ ಮುಂದಿತ್ತು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ, ಅದರಲ್ಲಿ ತಪ್ಪಿಲ್ಲ. ಆದರೆ ಆ ಸಭೆಗಳು ಪ್ರಶ್ನೆ ಕೇಳಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ. ದಿವಾನರು ಉತ್ತರ ಹೇಳಬೇಕಾದುದು ಮಹಾರಾಜರಿಗೆ. ಆದ್ದರಿಂದಲೇ ಮೈಸೂರು ಕಾಂಗ್ರೆಸ್ಸಿನ ಬೇಡಿಕೆ "ಜವಾಬ್ದಾರಿ ಸರ್ಕಾರ", ಅಂದರೆ ಜನಪ್ರತಿನಿಧಿಗಳಿಗೆ ಉತ್ತರ ಹೇಳುವ ಸರ್ಕಾರ.

1947ರ ಸೆಪ್ಟೆಂಬರ್ 1ರಿಂದ "ಮೈಸೂರು ಚಲೋ" ಚಳವಳಿ ಆರಂಭವಾಯಿತು. ಕೆ.ಸಿ. ರೆಡ್ಡಿ ಅದರ ಮುಂದಾಳು. ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಬಂದರು, ಅನೇಕರು ಜೈಲು ಸೇರಿದರು. ನನಗೆ ಪತ್ರ ಬರೆದವರು ಅವರಲ್ಲೊಬ್ಬರು. ಕೊನೆಗೆ ಒಪ್ಪಂದವಾಗಿ, ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಅಮಾಸೆಬೈಲಿನ ಮೇಲಿನ ಘಟ್ಟ ಹತ್ತಲು ಸ್ವಾತಂತ್ರ್ಯಕ್ಕೆ ಎಪ್ಪತ್ತೊಂದು ದಿನ ಹಿಡಿಯಿತು ಎಂದು ನಾನು ತಮಾಷೆಗೆ ಹೇಳುವುದುಂಟು.

ಪತ್ರಕ್ಕೆ ಉತ್ತರ ಬರೆದು ಕ್ಷಮೆ ಕೇಳಿದೆ. ಹಿರಿಯರು ಮತ್ತೆ ಬರೆದು, ಮುಂದಿನ ಆಗಸ್ಟ್ ಹದಿನೈದರಂದು ತಮ್ಮೊಡನೆ ಒಂದು ಸುತ್ತು ಬರುವುದಾದರೆ ಕ್ಷಮಿಸುವುದಾಗಿ ತಿಳಿಸಿದರು. 2008ರಲ್ಲಿ ಹೋದೆ. ಆ ದಿನ ನಡೆದ ದಾರಿಗೆ ಈಚಿನ ಅನುಕೂಲಗಳನ್ನು ಸೇರಿಸಿ ನಿಮಗೆ ಹೇಳುತ್ತೇನೆ.

ಬೆಳಿಗ್ಗೆ ಬೇಗ ಎದ್ದು ಕಬ್ಬನ್ ರಸ್ತೆಯ ಮಾಣೆಕ್ ಷಾ ಪೆರೇಡ್ ಮೈದಾನಕ್ಕೆ ಹೋಗಿ. ರಾಜ್ಯದ ಮುಖ್ಯ ಸಮಾರಂಭ ಅಲ್ಲೇ ನಡೆಯುತ್ತದೆ. ಪಾಸಿನ ಏರ್ಪಾಡನ್ನು ಮೊದಲೇ ವಿಚಾರಿಸಿಕೊಳ್ಳಿ, ಚೀಲ ಒಯ್ಯಬೇಡಿ, ಒಂಬತ್ತು ಗಂಟೆಗೆ ಬಹಳ ಮುಂಚೆ ಕುಳಿತಿರಿ. ಮೆಟ್ರೋ ಬಂದ ಮೇಲೆ ಅಲ್ಲಿಗೆ ತಲುಪುವುದು ಸುಲಭ, ಮಹಾತ್ಮ ಗಾಂಧಿ ರಸ್ತೆ ನಿಲ್ದಾಣ ಹತ್ತಿರದಲ್ಲೇ ಇದೆ. ಧ್ವಜ ಏರಿಸುವವರು ಯಾರೆಂದು ಗಮನಿಸಿ. ಆಗಸ್ಟ್ 15ರಂದು ಮುಖ್ಯಮಂತ್ರಿ, ಜನವರಿ 26ರಂದು ರಾಜ್ಯಪಾಲರು. ಇದು ಮೊದಲಿನಿಂದ ಬಂದ ಪದ್ಧತಿಯಲ್ಲ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಎಂ. ಕರುಣಾನಿಧಿಯವರು ಒತ್ತಾಯಿಸಿದ ಮೇಲೆ, 1974ರಿಂದ ಸ್ವಾತಂತ್ರ್ಯ ದಿನದಂದು ಧ್ವಜಾರೋಹಣದ ಹಕ್ಕು ಮುಖ್ಯಮಂತ್ರಿಗಳಿಗೆ ಸಿಕ್ಕಿತು. ಚುನಾಯಿತ ವ್ಯಕ್ತಿ ಧ್ವಜದ ಹಗ್ಗ ಹಿಡಿಯಬೇಕು ಎಂಬ ವಾದದ ಹಿಂದೆ, 1947ರ ಬೆಂಗಳೂರಿನ ವಿದ್ಯಾರ್ಥಿಗಳು ಕೇಳಿದ್ದರ ಒಂದು ಎಳೆ ನನಗೆ ಕಾಣುತ್ತದೆ.

ಧ್ವಜದ ಬಟ್ಟೆಯ ಬಗ್ಗೆಯೂ ಒಂದು ಮಾತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ, 1957ರಲ್ಲಿ ಸ್ಥಾಪನೆಯಾದದ್ದು. ಭಾರತೀಯ ಮಾನಕ ಬ್ಯೂರೋದ ಮಾನ್ಯತೆ ಪಡೆದು ಖಾದಿಯ ರಾಷ್ಟ್ರಧ್ವಜ ತಯಾರಿಸಿ ದೇಶಕ್ಕೆಲ್ಲ ಕಳಿಸುವ ಹೆಸರಾಂತ ಕೇಂದ್ರ ಅದು. ದಾರದ ಎಳೆ, ಬಣ್ಣ, ಅಳತೆ ಎಲ್ಲಕ್ಕೂ ಪರೀಕ್ಷೆಯುಂಟು, ಅಗಲ ಎರಡು ಪಾಲಾದರೆ ಉದ್ದ ಮೂರು ಪಾಲಿರಬೇಕು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಟ್ಟೆಗೂ, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಅನುಮತಿ ಸಿಕ್ಕಿತು. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ನಮ್ಮೂರ ಮಳೆಯಲ್ಲೂ ಅದು ಹಾರೀತು. ಆದರೂ ಒದ್ದೆಯಾಗಿ ಕಂಬಕ್ಕೆ ಅಂಟಿದ ಆ ಖಾದಿಯೇ ನನಗೆ ಹೆಚ್ಚು ಪ್ರಿಯ. ಇದು ವಿಜ್ಞಾನದ ಮಾತಲ್ಲ.

ಸಮಾರಂಭ ಮುಗಿದ ಮೇಲೆ ಪಶ್ಚಿಮಕ್ಕೆ ನಡೆಯಿರಿ. ನೀವು ನಿಂತಿರುವುದು ಹಳೆಯ ದಂಡು ಪ್ರದೇಶ. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದಾಗಲೂ ಬ್ರಿಟಿಷರು ಇದನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅಂದರೆ ಬೆಂಗಳೂರಿನೊಳಗೇ ಎರಡು ಆಡಳಿತ, ನಡುವೆ ಕಬ್ಬನ್ ಉದ್ಯಾನ. ನಮ್ಮ ಘಟ್ಟ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಂದು ತೋಟ ಮಾಡುತ್ತಿತ್ತು! 1949ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ನಗರಪಾಲಿಕೆಯಾದವು. ಸೌತ್ ಪೆರೇಡ್ ಎಂಬ ರಸ್ತೆ ಮಹಾತ್ಮ ಗಾಂಧಿ ರಸ್ತೆಯಾಯಿತು. ಅದರ ತುದಿಯಲ್ಲಿ ಕಬ್ಬನ್ ಉದ್ಯಾನದ ಅಂಚಿಗೆ 1906ರಲ್ಲಿ ಅನಾವರಣಗೊಂಡ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ ಇದೆ. ಅಲ್ಲಿಂದ ಕೆಲವೇ ನಿಮಿಷದ ನಡಿಗೆಯಲ್ಲಿ ಗಾಂಧೀಜಿಯ ಪ್ರತಿಮೆ. ಹಿರಿಯರು ರಾಣಿಯ ಮುಂದೆ ನಿಂತು, ಅದನ್ನು ತೆಗೆಯಬೇಕೇ ಬೇಡವೇ ಎಂದು ನನ್ನನ್ನು ಕೇಳಿದರು. ನಾನು ತಡವರಿಸಿದೆ. "ಇರಲಿ ಬಿಡಿ, ಎಲ್ಲಿಂದ ಹೊರಟೆವು ಎಂದು ಮಕ್ಕಳಿಗೆ ತೋರಿಸಲು ಬೇಕಾಗುತ್ತದೆ" ಎಂದರು.

ಕಬ್ಬನ್ ಉದ್ಯಾನ 1870ರಲ್ಲಿ ಮುಖ್ಯ ಇಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ರೂಪಿಸಿದ್ದು. ಮರದ ನೆರಳಲ್ಲಿ ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗ ನಗರದಲ್ಲಿ ಇಲ್ಲ. ಅದನ್ನು ದಾಟಿದರೆ ಕೆಂಪು ಬಣ್ಣದ ಹೈಕೋರ್ಟ್, ಎದುರಿಗೆ ವಿಧಾನಸೌಧ. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದರು, ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಅದು ಈಗಿನ ರೂಪ ಪಡೆಯಿತು. ಇದರ ಚಿತ್ರ ನೀವು ಎಷ್ಟೋ ಸಲ ನೋಡಿದ್ದೀರಿ, ಆದ್ದರಿಂದ ಮುಂದೆ ಹೋಗೋಣ.

ಕೆಂಪೇಗೌಡ ರಸ್ತೆಯ ಮೈಸೂರು ಬ್ಯಾಂಕ್ ವೃತ್ತದಲ್ಲಿ ನಿಲ್ಲಬೇಕು. 2017ರಲ್ಲಿ ಆ ಬ್ಯಾಂಕೇ ವಿಲೀನವಾಯಿತು, ಹೆಸರು ಮಾತ್ರ ಉಳಿದಿದೆ. ಅಲ್ಲಿ 1942ರ "ಭಾರತ ಬಿಟ್ಟು ತೊಲಗಿ" ಚಳವಳಿಯಲ್ಲಿ ಗುಂಡಿಗೆ ಬಲಿಯಾದವರ ಸ್ಮಾರಕವಿದೆ. ದಿನವೂ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವ ಎಷ್ಟು ಜನ ಅದನ್ನು ನೋಡಿದ್ದಾರೆ? ನಾನು ಮೂರು ವರ್ಷ ನೋಡಿರಲಿಲ್ಲ. ರಜೆಯ ದಿನ ವಾಹನ ಕಡಿಮೆ, ಹತ್ತಿರ ಹೋಗಿ ನಿಲ್ಲಬಹುದು. ಹಡ್ಸನ್ ವೃತ್ತದ ಕಡೆಗೆ ಹೋದರೆ ಬನ್ನಪ್ಪ ಪಾರ್ಕ್ ಇದೆ. 1937ರ ಅಕ್ಟೋಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ನಾಯಕ ಕೆ.ಎಫ್. ನಾರಿಮನ್ ಬೆಂಗಳೂರಿಗೆ ಬಂದು ಬಂಧನಕ್ಕೊಳಗಾದಾಗ ಅಲ್ಲಿ ಜನ ಸೇರಿದರು, ಪೊಲೀಸರು ಗುಂಡು ಹಾರಿಸಿದರು. ಮರುವರ್ಷ ಏಪ್ರಿಲಿನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರು. ಒಂದು ಧ್ವಜ ಹಾರಿಸುವುದಕ್ಕೆ ಇಷ್ಟೆಲ್ಲ. ಆಮೇಲೆ ದಿವಾನ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಮಾತುಕತೆಯಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಒಪ್ಪಿಗೆ ಸಿಕ್ಕಿತು.

ಮೈಸೂರು ಬ್ಯಾಂಕ್ ವೃತ್ತದಿಂದ ಶೇಷಾದ್ರಿ ರಸ್ತೆಯ ಸ್ವಾತಂತ್ರ್ಯ ಉದ್ಯಾನಕ್ಕೆ ನಡೆದೇ ಹೋಗಬಹುದು. ಸುದ್ದಿಯಲ್ಲಿ ಫ್ರೀಡಂ ಪಾರ್ಕ್ ಎಂದು ಕೇಳಿರುತ್ತೀರಿ, ಪ್ರತಿಭಟನೆಗಳು ನಡೆಯುವ ಸ್ಥಳ. ಇದು ಹಿಂದೆ ಕೇಂದ್ರ ಕಾರಾಗೃಹವಾಗಿತ್ತು. 2000ದಲ್ಲಿ ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು, 2008ರ ನವೆಂಬರಿನಲ್ಲಿ ಉದ್ಯಾನ ತೆರೆಯಿತು. ನಾವು ಹೋದ ಆಗಸ್ಟಿನಲ್ಲಿ ಇನ್ನೂ ಕೆಲಸ ನಡೆಯುತ್ತಿತ್ತು, ಹೊರಗಿನ ಗೋಡೆಯ ಪಕ್ಕ ನಿಂತೆವು. ಆ ಗೋಡೆಯ ಹಿಂದೆ 1943ರ ಮಾರ್ಚಿನಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರಿನ ಐವರನ್ನು ಗಲ್ಲಿಗೇರಿಸಿದರು. ಈಸೂರಿನವರು 1942ರಲ್ಲಿ ತಮ್ಮ ಹಳ್ಳಿಯನ್ನು ಸ್ವತಂತ್ರವೆಂದು ಸಾರಿದ್ದರು. ಘರ್ಷಣೆಯಲ್ಲಿ ಅಧಿಕಾರಿಗಳಿಬ್ಬರ ಸಾವೂ ಆಗಿತ್ತು. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು ಆ ಕಾಲದಲ್ಲಿ ಹದಿನಾಲ್ಕು ತಿಂಗಳು ಇದೇ ಊರಿನ ಜೈಲಿನಲ್ಲಿದ್ದರು, 2021ರಲ್ಲಿ ತೀರಿಕೊಳ್ಳುವಾಗ ಅವರಿಗೆ 103 ವರ್ಷ.

ಗೋಡೆಯ ಕಥೆ ಸ್ವಾತಂತ್ರ್ಯದೊಂದಿಗೆ ಮುಗಿಯುವುದಿಲ್ಲ. 1975ರ ಜೂನ್ 26ರಂದು ತುರ್ತು ಪರಿಸ್ಥಿತಿ ಬಂದಾಗ ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ ಮುಂತಾದವರನ್ನು ಬಂಧಿಸಿ ಇಲ್ಲೇ ಇಟ್ಟರು. ನಟಿ ಸ್ನೇಹಲತಾ ರೆಡ್ಡಿಯವರೂ ಇಲ್ಲಿ ಬಂದಿಯಾಗಿದ್ದರು, ಕಾಯಿಲೆ ಬಿದ್ದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಸ್ವಾತಂತ್ರ್ಯಕ್ಕೂ ಹಿಂದಿನ ಆ ಗೋಡೆಯನ್ನು ಸ್ವತಂತ್ರ ಸರ್ಕಾರವೂ ಬಳಸಿತು. ಹಿರಿಯರು ಗೋಡೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಒಳಗೆ ಊಟಕ್ಕೆ ಏನು ಕೊಡುತ್ತಿದ್ದರು ಎಂದು ನಾನು ಕೇಳಿದೆ. "ರಾಗಿ ಮುದ್ದೆ. ನಮ್ಮ ಹಾಸ್ಟೆಲಿಗಿಂತ ವಾಸಿ" ಎಂದು ನಕ್ಕರು.

ಇಷ್ಟು ನಡೆದ ಮೇಲೆ ಹೂವು ನೋಡುವ ಹಕ್ಕು ನಿಮಗಿದೆ. ಸೆಂಟ್ರಲ್ ಕಾಲೇಜು ಪಕ್ಕದ ಮೆಟ್ರೋ ನಿಲ್ದಾಣದಿಂದ ಹೊರಟು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಲಾಲ್‌ಬಾಗ್. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಹಳೆಯ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಎದುರಿನ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು. ರಾಯಣ್ಣ ಹುಟ್ಟಿದ್ದು 1798ರ ಆಗಸ್ಟ್ 15 ಎನ್ನುತ್ತಾರೆ, ನಂದಗಡದಲ್ಲಿ ನೇಣಿಗೇರಿದ್ದು 1831ರ ಜನವರಿ 26. ನಮ್ಮ ಎರಡು ರಾಷ್ಟ್ರೀಯ ಹಬ್ಬಗಳೂ ಒಬ್ಬನ ಬದುಕಿನ ಎರಡು ತುದಿಗಳು! 2025ರ ಆಗಸ್ಟಿನ ಲಾಲ್‌ಬಾಗ್ ಪ್ರದರ್ಶನದ ವಸ್ತು ಕಿತ್ತೂರು ಚೆನ್ನಮ್ಮ ಮತ್ತು ರಾಯಣ್ಣ ಆಗಿದ್ದರು.

ಲಾಲ್‌ಬಾಗ್ ಆರಂಭವಾದದ್ದು 1760ರಲ್ಲಿ, ಹೈದರಾಲಿಯಿಂದ. ಟಿಪ್ಪು ಅದನ್ನು ಬೆಳೆಸಿದ. ಈಗ ಸುಮಾರು 240 ಎಕರೆ. ಹೂವಿನ ಪ್ರದರ್ಶನ ನಡೆಯುವ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಹಾಕಿದವನು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್. ಆಗ ತೋಟದ ಮೇಲ್ವಿಚಾರಕ ಜಾನ್ ಕ್ಯಾಮೆರಾನ್. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಇದಕ್ಕೆ ಮಾದರಿ. ಮೂಲದ ಅರಮನೆ 1936ರಲ್ಲಿ ಸುಟ್ಟುಹೋಯಿತು, ನಮ್ಮದು ನಿಂತಿದೆ. ಬ್ರಿಟಿಷ್ ರಾಜಕುಮಾರ ಅಡಿಗಲ್ಲಿಟ್ಟ ಮನೆಯಲ್ಲಿ ಬ್ರಿಟಿಷರಿಂದ ಬಿಡುಗಡೆಯಾದ ದಿನದ ಹೂವಿನ ಹಬ್ಬ! ಕೊರೋನಾ ಕಾಲದಲ್ಲಿ ಬಿಟ್ಟುಹೋಗಿದ್ದ ಪ್ರದರ್ಶನ 2022ರ ಆಗಸ್ಟಿನಲ್ಲಿ ರಾಜ್‌ಕುಮಾರ್ ಮತ್ತು ಪುನೀತ್ ನೆನಪಿನಲ್ಲಿ ಮತ್ತೆ ನಡೆದಾಗ ಬಂದ ಜನಸಾಗರವನ್ನು ನಾನು ಮರೆಯಲಾರೆ, ನಮ್ಮ ಕ್ಯಾಮೆರಾದವರಿಗೆ ನಿಲ್ಲಲು ಜಾಗವಿರಲಿಲ್ಲ.

ಒಂದು ಕಿವಿಮಾತು. ಕತ್ತರಿಸಿದ ಹೂವಿಗೆ ಬೇರಿನಿಂದ ನೀರು ಬರುವುದಿಲ್ಲ, ದಳಗಳಿಂದ ನೀರು ಆವಿಯಾಗುವುದು ನಿಲ್ಲುವುದಿಲ್ಲ. ಹೂವು ತಾನೇ ಬಿಡುವ ಎಥಿಲೀನ್ ಅನಿಲ ಬಾಡುವಿಕೆಯನ್ನು ಬೇಗವಾಗಿಸುತ್ತದೆ. ಸಾವಿರಾರು ಜನರ ಮೈಬಿಸಿಯೂ ಸೇರಿದರೆ ಹೇಳುವುದೇ ಬೇಡ. ಆದ್ದರಿಂದಲೇ ನಡುವೆ ಹೂಗಳನ್ನು ಬದಲಾಯಿಸುತ್ತಾರೆ. ಹೂವನ್ನೇ ನೋಡಬೇಕೆಂದಿದ್ದರೆ ಪ್ರದರ್ಶನದ ಮೊದಲ ದಿನಗಳಲ್ಲಿ, ಬೆಳಿಗ್ಗೆ ಹೋಗಿ. ಹದಿನೈದರ ಮಧ್ಯಾಹ್ನ ಹೋಗುವುದು ಜನರನ್ನು ನೋಡಲು. ತುಮಕೂರು, ಕೋಲಾರ, ರಾಮನಗರಗಳಿಂದ ಬಂದ ಸಂಸಾರಗಳು, ಹೆಗಲ ಮೇಲೆ ಕೂತ ಮಕ್ಕಳು, ಕೈಯಲ್ಲಿ ಕಾಗದದ ಧ್ವಜ. ಅದೂ ನೋಡತಕ್ಕದ್ದೇ.

ಜನಜಂಗುಳಿ ಸಾಕೆನಿಸಿದಾಗ ಬಂಡೆಯ ಮೇಲೆ ಹತ್ತಿ. ತುದಿಯಲ್ಲಿ ಕೆಂಪೇಗೌಡರ ಗೋಪುರವಿದೆ. ಕಾಲ ಕೆಳಗಿರುವುದು ಪರ್ಯಾಯ ದ್ವೀಪದ ನೈಸ್ ಶಿಲೆ, ವಯಸ್ಸು ಸುಮಾರು 300 ಕೋಟಿ ವರ್ಷ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯೂ.ಎಫ್. ಸ್ಮೀತ್ ಈ ಶಿಲಾವರ್ಗಕ್ಕೆ ಆ ಹೆಸರು ಕೊಟ್ಟರು, ಈಗ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಾವು 2008ರಲ್ಲಿ ಇಲ್ಲಿ ಕುಳಿತಾಗ ಸಂಜೆಯಾಗಿತ್ತು. ಹಿರಿಯರು ಕಡಲೆಕಾಯಿ ಬಿಡಿಸುತ್ತ, ನಮ್ಮೂರಲ್ಲಿ ಈಗ ಮಳೆಯೇ ಎಂದು ಕೇಳಿದರು. ಹೌದು ಎಂದೆ. ನಿಮ್ಮ ಕಡೆಯವರೊಬ್ಬರ ಹೆಸರು ಈ ಊರಿನಲ್ಲಿ ಒಂದು ಬಡಾವಣೆಗಿದೆ ಗೊತ್ತೇ ಎಂದರು. ಗೊತ್ತಿರಲಿಲ್ಲ. ಸದಾಶಿವನಗರ. ಮಂಗಳೂರಿನಲ್ಲಿ ಚಳವಳಿಗೆ ತನ್ನ ಆಸ್ತಿಯನ್ನೆಲ್ಲ ಕರಗಿಸಿ, 1937ರಲ್ಲಿ ಬಡವರಾಗಿ ತೀರಿಕೊಂಡ ಕಾರ್ನಾಡು ಸದಾಶಿವರಾಯರ ಹೆಸರು. ಇಂದು ಅದು ನಗರದ ಅತ್ಯಂತ ಶ್ರೀಮಂತ ಬಡಾವಣೆಗಳಲ್ಲೊಂದು.

ಪತ್ರ ಬರೆದ ಆ ಹಿರಿಯರು ಈಗ ಇಲ್ಲ. ಅಕ್ಟೋಬರ್ 25ಕ್ಕೆ ರಜೆಯಿಲ್ಲ, ಮೆರವಣಿಗೆಯಿಲ್ಲ. ಆ ದಿನ ನಾನು ಅವರ ಇನ್‌ಲ್ಯಾಂಡ್ ಪತ್ರವನ್ನು ತೆಗೆದು ಒಮ್ಮೆ ಓದುತ್ತೇನೆ.

ನಮ್ಮೂರ ಹುಡುಗನಿಗೆ ಫೋನಿನಲ್ಲಿ ಇಷ್ಟೆಲ್ಲ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಬೆಳಿಗ್ಗೆ ಎಷ್ಟ್ ಗಂಟಿಗ್ ಹೊರಡ್ಕ್?" ಎಂದು ಕೇಳಿದ. ಏಳಕ್ಕೆ, ಕೊಡೆ ಹಿಡಿದುಕೊಂಡು ಬಾ ಎಂದೆ.